ಓಟು ಗುಟ್ಟಾಗಿದ್ದರೂ ನೋಟು ಯಾಕೆ ಹಂಚುತ್ತಾರೆ?

ಮತದಾನದ ಹಿಂದಿನ ರಾತ್ರಿಯನ್ನು ನಮ್ಮಲ್ಲಿ ಕತ್ತಲ ರಾತ್ರಿ ಅಂತ ಕರೆಯುತ್ತಾರೆ. ಬಹಿರಂಗ ಪ್ರಚಾರ 48 ಗಂಟೆ ಮೊದಲೇ ನಿಂತಿರುತ್ತದೆ. ಮೈಕ್ ಇಲ್ಲ, ರೋಡ್ ಶೋ ಇಲ್ಲ. ಮತದಾರರ ಪಟ್ಟಿಯ ಜೆರಾಕ್ಸ್ ಹಿಡಿದುಕೊಂಡು ಇಬ್ಬರು ಬರುತ್ತಾರೆ. ಒಬ್ಬ ನಿಮ್ಮ ಬೀದಿಯವನೇ. ನಿಮ್ಮ ಮನೆಯಲ್ಲಿ ನಾಲ್ಕು ಓಟು, ಮಗ ಬೆಂಗಳೂರಲ್ಲಿದ್ದಾನೆ, ಬರ್ತಾನೋ ಇಲ್ವೋ, ಸೊಸೆಯ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇದೆ, ಎಲ್ಲ ಅವನಿಗೆ ಗೊತ್ತು. ಹೆಸರಿನ ಮುಂದೆ ಪೆನ್ನಲ್ಲಿ ಒಂದು ಗುರುತು ಹಾಕಿ, ಕವರ್ ಕೊಟ್ಟು, "ಅಕ್ಕಾ, ಮರೀಬೇಡಿ, ನಮ್ಮ ಕಡೆ ಸ್ವಲ್ಪ ನೋಡ್ಕೊಳ್ಳಿ" ಅಂತ ಹೇಳಿ ಪಕ್ಕದ ಮನೆಗೆ ಹೋಗುತ್ತಾರೆ. ಕೆಲವು ಊರಲ್ಲಿ ಆಣೆ ಪ್ರಮಾಣವೂ ಇರುತ್ತದೆ. ದೇವರ ಫೋಟೋ ಮುಟ್ಟಿಸಿ, ಧರ್ಮಸ್ಥಳದ ಮಂಜುನಾಥನ ಹೆಸರು ಹೇಳಿಸಿ ಕವರ್ ಕೊಡುತ್ತಾರೆ.

ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇದರಲ್ಲಿ ಒಂದು ಲೆಕ್ಕ ತಾಳೆಯಾಗುವುದಿಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಾಮಾನು ಕೈಗೆ ಬರುತ್ತದೆ. ಇಲ್ಲಿ ದುಡ್ಡು ಕೊಟ್ಟವನಿಗೆ ಸಾಮಾನು ಬಂತೋ ಇಲ್ಲವೋ ಯಾವತ್ತೂ ತಿಳಿಯುವುದಿಲ್ಲ. ನೀವು ಯಾವ ಗುಂಡಿ ಒತ್ತಿದಿರಿ ಅನ್ನುವುದು ನಿಮ್ಮನ್ನು ಬಿಟ್ಟು ಇನ್ಯಾರಿಗೂ ಗೊತ್ತಾಗಲ್ಲ. ಹಾಗಿದ್ದ ಮೇಲೆ, ಪೈಸೆ ಪೈಸೆ ಲೆಕ್ಕ ಹಾಕುವ ಜನ ಕೋಟಿಗಟ್ಟಲೆ ಹಣವನ್ನು ಯಾಕೆ ಹೀಗೆ ಸುರಿಯುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಹಣ ಹಂಚಿಕೆಯ ಒಳಗುಟ್ಟು ಮತ್ತು ನಮ್ಮ ಕಾನೂನು ಎಲ್ಲಿ ಎಡವುತ್ತಿದೆ ಅನ್ನುವುದು ಎರಡೂ ಒಟ್ಟಿಗೆ ಅರ್ಥವಾಗುತ್ತವೆ.

ಮೊದಲು ಗುಟ್ಟಿನ ವಿಷಯ ಖಚಿತ ಮಾಡಿಕೊಳ್ಳೋಣ, ಯಾಕೆಂದರೆ ತುಂಬಾ ಜನಕ್ಕೆ ಇದರ ಮೇಲೆ ನಂಬಿಕೆ ಇಲ್ಲ. "ಬೂತಲ್ಲಿ ಕ್ಯಾಮೆರಾ ಇದೆ, ಯಾರು ಯಾರಿಗೆ ಹಾಕಿದರು ನಮಗೆ ಗೊತ್ತಾಗುತ್ತೆ" ಅಂತ ಹಂಚುವವರು ಹೆದರಿಸುತ್ತಾರೆ. ಇದು ಸುಳ್ಳು. ಕ್ಯಾಮೆರಾ ಇದ್ದರೂ ಅದು ಕೋಣೆಯನ್ನು ನೋಡುತ್ತದೆ, ರಟ್ಟಿನ ಮರೆಯ ಒಳಗೆ ನೋಡುವುದಿಲ್ಲ. ಬೂತಿನಲ್ಲಿ 17ಎ ಅನ್ನುವ ರಿಜಿಸ್ಟರ್‌ನಲ್ಲಿ ನಿಮ್ಮ ಸಹಿ ತೆಗೆದುಕೊಳ್ಳುತ್ತಾರಲ್ಲ, ಅದರಲ್ಲಿ ನೀವು ಬಂದಿರಿ ಅನ್ನುವುದು ಮಾತ್ರ ಇರುತ್ತದೆ. ಓಟು ಯಂತ್ರದ ಪಕ್ಕ ಚೀಟಿ ಮುದ್ರಿಸಿ ತೋರಿಸುವ ವಿವಿಪ್ಯಾಟ್‌ನಲ್ಲಿ 7 ಸೆಕೆಂಡ್ ಕಾಣುವ ಚೀಟಿಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುತ್ತದೆ, ನಿಮ್ಮ ಹೆಸರು ಇರುವುದಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಗುಟ್ಟು ಬಿಟ್ಟುಕೊಟ್ಟ ಸಿಬ್ಬಂದಿಗೆ, ಏಜೆಂಟರಿಗೆ ಮೂರು ತಿಂಗಳವರೆಗೆ ಜೈಲು ಶಿಕ್ಷೆ ಆಗಬಹುದು. ಅದೇ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಯಾರಿಗೆ ಓಟು ಹಾಕಿದಿರಿ ಅಂತ ಕೋರ್ಟಿನಲ್ಲೂ ನಿಮ್ಮನ್ನು ಒತ್ತಾಯ ಮಾಡಿ ಕೇಳುವ ಹಾಗಿಲ್ಲ.

ಅಂದರೆ ಕವರ್ ಈಸ್ಕೊಂಡವರು ಮಾತಿಗೆ ತಪ್ಪಿದರೆ ಕೊಟ್ಟವನು ಏನೂ ಮಾಡಲಾರ. ಇದು ಅಭ್ಯರ್ಥಿಗೂ ಗೊತ್ತು.

ಆದರೂ ಹಣದ ಪ್ರಮಾಣ ನೋಡಿ. ದೆಹಲಿಯ ಸೆಂಟರ್ ಫಾರ್ ಮೀಡಿಯಾ ಸ್ಟಡೀಸ್ ಸಂಸ್ಥೆಯ ಅಂದಾಜಿನಂತೆ 2019ರ ಲೋಕಸಭಾ ಚುನಾವಣೆಯಲ್ಲಿ ಒಟ್ಟು 55ರಿಂದ 60 ಸಾವಿರ ಕೋಟಿ ರೂಪಾಯಿ ಖರ್ಚಾಗಿದೆ, ಅದರಲ್ಲಿ 12ರಿಂದ 15 ಸಾವಿರ ಕೋಟಿ ನೇರವಾಗಿ ಮತದಾರರ ಕೈಗೆ ಹೋಗಿದೆ. ಇದು ಅಂದಾಜು, ರಸೀದಿ ಇಟ್ಟು ಹಾಕಿದ ಲೆಕ್ಕವಲ್ಲ. ಆದರೆ ಸಿಕ್ಕಿಬಿದ್ದ ಮಾಲಿನ ಲೆಕ್ಕ ಸರ್ಕಾರಿ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಹಣ, ಹೆಂಡ, ಚಿನ್ನ, ಉಡುಗೊರೆ ಎಲ್ಲ ಸೇರಿ 375 ಕೋಟಿಗೂ ಜಾಸ್ತಿ ಮೌಲ್ಯದ ವಸ್ತು ವಶವಾಯಿತು, 2018ರದಕ್ಕಿಂತ ಇದು ನಾಲ್ಕೂವರೆ ಪಟ್ಟು ಅಂತ ಚುನಾವಣಾ ಆಯೋಗವೇ ಹೇಳಿತು. 2024ರ ಲೋಕಸಭಾ ಚುನಾವಣೆ ನಡೆಯುತ್ತಿರುವಾಗ, ಮೇ ಮಧ್ಯದ ಹೊತ್ತಿಗೆ ದೇಶದಲ್ಲಿ 8,889 ಕೋಟಿ ವಶ ಅಂತ ಪ್ರಕಟಣೆ ಬಂತು. ಈ ದೊಡ್ಡ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದರಲ್ಲಿ ಶೇ. 45ರಷ್ಟು ಮಾದಕ ವಸ್ತು. ನಗದು ಇದ್ದದ್ದು 849 ಕೋಟಿ. ಹಂಚಲು ಇಟ್ಟ ದುಡ್ಡಿನ ಬಹುಪಾಲು ಚೆಕ್‌ಪೋಸ್ಟ್ ಹತ್ತಿರಕ್ಕೂ ಬರುವುದಿಲ್ಲ ಅಂತ ನನ್ನ ಅಭಿಪ್ರಾಯ. ಚುನಾವಣೆ ಘೋಷಣೆಗೆ ಮೊದಲೇ ಅದು ಊರು ಸೇರಿರುತ್ತದೆ.

ಈಗ ಯಾಕೆ ಅನ್ನುವ ಪ್ರಶ್ನೆ.

ಮುಂಬೈ ಚುನಾವಣೆಗಳನ್ನು ಹತ್ತಿರದಿಂದ ನೋಡಿದ ಸೈಮನ್ ಶೋಷಾರ್ ಅನ್ನುವ ಸಂಶೋಧಕರು ಕೊಡುವ ವಿವರಣೆ ನಮ್ಮ ಊರಿಗೂ ಸರಿ ಹೊಂದುತ್ತದೆ. ಹಂಚುವವರಿಗೆ ಓಟು ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಆದರೆ ಎದುರಾಳಿ ಹಂಚಿ ತಾನು ಹಂಚದಿದ್ದರೆ ಆಟದಿಂದಲೇ ಹೊರಗೆ ಬೀಳುತ್ತೇನೆ ಅನ್ನುವ ಭಯ ಖಂಡಿತ ಇದೆ. ಹಾಗಾಗಿ ಇಬ್ಬರೂ ಹಂಚುತ್ತಾರೆ. ಇಬ್ಬರ ದುಡ್ಡೂ ಕೈಬಿಟ್ಟು ಹೋಗುತ್ತದೆ, ಯಾರಿಗೂ ವಿಶೇಷ ಲಾಭವಿಲ್ಲ, ಆದರೂ ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ. "ಅವರು ಎರಡು ಸಾವಿರ ಕೊಟ್ರು, ಇವರು ತಲೆನೂ ಹಾಕ್ಲಿಲ್ಲ" ಅನ್ನುವ ಮಾತು ಬೀದಿಯಲ್ಲಿ ಹಬ್ಬಿದರೆ ಅದು ಜಿಪುಣತನ ಅಂತ ಆಗುವುದಿಲ್ಲ, ಅವಮಾನ ಅಂತ ಆಗುತ್ತದೆ. ನಮ್ಮನ್ನು ಲೆಕ್ಕಕ್ಕೇ ತಗೊಂಡಿಲ್ಲ ಅಂತ ಜನ ಸಿಟ್ಟಾಗುತ್ತಾರೆ. 2021ರ ಅಕ್ಟೋಬರ್‌ನಲ್ಲಿ ತೆಲಂಗಾಣದ ಹುಜೂರಾಬಾದ್ ಉಪಚುನಾವಣೆ ಹೊತ್ತಿಗೆ ಕೆಲವು ಊರುಗಳಲ್ಲಿ ಪಕ್ಕದವರಿಗೆ ಕವರ್ ಬಂತು, ನಮಗೆ ಯಾಕೆ ಬಂದಿಲ್ಲ ಅಂತ ಜನ ಬಹಿರಂಗವಾಗಿಯೇ ಪ್ರತಿಭಟನೆಗೆ ಇಳಿದರು. ಆ ವಿಡಿಯೋಗಳನ್ನು ನೋಡಿ ಆಡಿಕೊಂಡು ನಕ್ಕವರು ಬಹಳ. ನನಗೆ ನಗು ಬರಲಿಲ್ಲ. ಐದು ವರ್ಷದಲ್ಲಿ ಸರ್ಕಾರದ ಕಡೆಯಿಂದ ಖಚಿತವಾಗಿ ಕೈಗೆ ಸಿಗುವುದು ಇದೊಂದೇ ಅಂತ ಒಬ್ಬ ಹೆಣ್ಣುಮಗಳಿಗೆ ಅನ್ನಿಸಿದ್ದರೆ, ಅಲ್ಲಿ ಅವಳ ತಪ್ಪಿಗಿಂತ ದೊಡ್ಡ ತಪ್ಪು ಬೇರೆಯವರದ್ದಿದೆ.

ಇನ್ನೊಂದು ಸೂಕ್ಷ್ಮ ಇದೆ. ಯಾರಿಗೆ ಓಟು ಹಾಕಿದಿರಿ ಅನ್ನುವುದು ಕಾಣದಿದ್ದರೂ, ಓಟು ಹಾಕಿದಿರೋ ಇಲ್ಲವೋ ಅನ್ನುವುದು ಬೆರಳಿನ ಮೇಲೆ ಕಾಣುತ್ತದೆ. ಆ ಶಾಯಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅದನ್ನು ಮಾಡಿ ಕೊಡುತ್ತಿದೆ. ಒಬ್ಬರೇ ಎರಡು ಸಲ ಓಟು ಹಾಕಬಾರದು ಅಂತ ತಂದ ಶಾಯಿ ಅದು, ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಹಂಚುವವನಿಗೆ ಅದು ಬೇರೆ ರೀತಿ ಉಪಯೋಗಕ್ಕೆ ಬರುತ್ತದೆ. ಹೇಗಿದ್ದರೂ ತನ್ನ ಪಕ್ಷಕ್ಕೇ ಹಾಕುವ, ಆದರೆ ಬಿಸಿಲಲ್ಲಿ ಕ್ಯೂ ನಿಲ್ಲೋಕೆ ಬೇಜಾರು ಅನ್ನುವ ಮನೆಗಳಿಗೆ ದುಡ್ಡು ಕೊಟ್ಟು ಬೂತಿಗೆ ಹೊರಡಿಸುವುದು, ಬೆಂಗಳೂರಿಂದ ಊರಿಗೆ ಬರಲು ಬಸ್ ಮಾಡಿಸುವುದು. ಇಲ್ಲಿ ಮೋಸ ಹೋಗುವ ಭಯ ಕಡಿಮೆ. ಬೆರಳು ತೋರಿಸಿದರೆ ಆಯಿತು. ಉಲ್ಟಾ ಕೂಡ ಸಾಧ್ಯ, ಎದುರಾಳಿ ಕಡೆಯವರನ್ನು ಮನೆಯಲ್ಲೇ ಕೂರಿಸಲು ಕೊಡುವ ದುಡ್ಡು. ನಾವು ಓಟು ಖರೀದಿ ಅಂತ ಕರೆಯುವುದರಲ್ಲಿ ಒಂದು ಪಾಲು ಮನಸ್ಸು ಬದಲಿಸಲು ಕೊಟ್ಟದ್ದಲ್ಲ, ಕಾಲು ಎತ್ತಿಡಲು ಕೊಟ್ಟದ್ದು.

ಮತ್ತೆ ಗೆಲುವಿನ ಅಂತರ ಅನ್ನುವುದೊಂದಿದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಅಂತರ 16 ಓಟು, ಶೃಂಗೇರಿಯದು 201. ಇಂಥ ಕ್ಷೇತ್ರದಲ್ಲಿ ಕವರ್ ಈಸ್ಕೊಂಡ ನೂರು ಜನರಲ್ಲಿ ತೊಂಬತ್ತೈದು ಜನ ತಮ್ಮ ಮನಸ್ಸಿಗೆ ಬಂದವರಿಗೇ ಹಾಕಿದರೂ ಉಳಿದ ಐದು ಜನ ಸಾಕು. ಎಲ್ಲಿ ಸಾಕಾಗುತ್ತದೆ ಅಂತ ಮುಂಚೆ ಗೊತ್ತಾಗದ ಕಾರಣ ಎಲ್ಲ ಕಡೆಯೂ ಸುರಿಯುತ್ತಾರೆ.

ಈ ಹಣ ಅಭ್ಯರ್ಥಿಯ ಕೈಯಿಂದ ಮತದಾರರ ಕೈಗೆ ನೇರವಾಗಿ ಬರುವುದಿಲ್ಲ. ತಾಲ್ಲೂಕಿನ ಮುಖಂಡ, ಹೋಬಳಿಯವನು, ಬೂತಿನವನು, ಬೀದಿಯವನು ಅಂತ ಇಳಿದು ಬರುತ್ತದೆ, ಪ್ರತಿ ಕೈಯಲ್ಲೂ ಒಂದಿಷ್ಟು ಉಳಿಯುತ್ತದೆ. ಮತದಾರ ಮೋಸ ಮಾಡಿಯಾನು ಅನ್ನುವುದಕ್ಕಿಂತ ತನ್ನ ಜನವೇ ನುಂಗಿಬಿಡುತ್ತಾರೆ ಅನ್ನುವ ಚಿಂತೆ ಅಭ್ಯರ್ಥಿಗೆ ಜಾಸ್ತಿ. ಟೋಕನ್, ಗಿಫ್ಟ್ ಕಾರ್ಡ್, ಸರಣಿ ಸಂಖ್ಯೆ ಎಲ್ಲ ಹುಟ್ಟಿದ್ದು ಇದಕ್ಕೇ. 2017ರ ಡಿಸೆಂಬರ್‌ನಲ್ಲಿ ಚೆನ್ನೈನ ಆರ್.ಕೆ. ನಗರ ಉಪಚುನಾವಣೆಯಲ್ಲಿ 20 ರೂಪಾಯಿ ನೋಟನ್ನೇ ಟೋಕನ್ ಮಾಡಿದರು ಅನ್ನುವ ಆರೋಪ ಬಂತು. ನೋಟಿನ ಮೇಲೆ ಹೇಗೂ ಸಂಖ್ಯೆ ಇರುತ್ತದೆ, ಆ ಸಂಖ್ಯೆ ಬರೆದಿಟ್ಟುಕೊಳ್ಳುವುದು, ಗೆದ್ದ ಮೇಲೆ ನೋಟು ತೋರಿಸಿದವರಿಗೆ ದೊಡ್ಡ ಮೊತ್ತ ಕೊಡುವುದು. ಹಂಚಿಕೆ ಹಿಡಿಯಲು ಓಡಾಡುವ ಫ್ಲೈಯಿಂಗ್ ಸ್ಕ್ವಾಡ್ ಹಿಡಿದರೂ ಏನು ಹಿಡಿದ ಹಾಗಾಯಿತು? ಒಂದು 20 ರೂಪಾಯಿ. ಅದೇ ಆರ್.ಕೆ. ನಗರದ ಚುನಾವಣೆ ಅದಕ್ಕೂ ಮೊದಲು, 2017ರ ಏಪ್ರಿಲ್‌ನಲ್ಲಿ ರದ್ದಾಗಿತ್ತು. ತಮಿಳುನಾಡಿನ ಒಬ್ಬ ಸಚಿವರ ಮನೆ ಮೇಲೆ ಆದಾಯ ತೆರಿಗೆ ದಾಳಿ ನಡೆದಾಗ ಸುಮಾರು 89 ಕೋಟಿ ಹಂಚುವ ಲೆಕ್ಕದ ಕಾಗದಗಳು ಸಿಕ್ಕಿದ್ದವು.

ಹಂಚಿಕೆಗೆ ದುಡ್ಡಿನಷ್ಟೇ ಮುಖ್ಯವಾದದ್ದು ಪಟ್ಟಿ. ಯಾರ ಮನೆಯಲ್ಲಿ ಎಷ್ಟು ಓಟು, ಯಾವ ಜಾತಿ, ಮೊಬೈಲ್ ನಂಬರ್ ಏನು, ಮನೆ ಬಿಟ್ಟು ಹೋದವರು ಯಾರು. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಖಾಸಗಿ ಸಂಸ್ಥೆಯ ಜನ ಬೂತ್ ಮಟ್ಟದ ಅಧಿಕಾರಿಗಳ ಗುರುತಿನ ಚೀಟಿ ಹಾಕಿಕೊಂಡು ಮನೆ ಮನೆಗೆ ಹೋಗಿ ಇಂಥ ಮಾಹಿತಿ ಸಂಗ್ರಹಿಸಿದರು ಅನ್ನುವ ಪ್ರಕರಣ ಹೊರಬಂತು. ಆಯೋಗ ಅಧಿಕಾರಿಗಳನ್ನು ಅಮಾನತು ಮಾಡಿಸಿತು, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಹೇಳಿತು. ಅದಕ್ಕೂ ಮೊದಲು, 2018ರ ಮೇ ತಿಂಗಳಲ್ಲಿ ಜಾಲಹಳ್ಳಿಯ ಒಂದು ಫ್ಲಾಟ್‌ನಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕಿ ರಾಜರಾಜೇಶ್ವರಿ ನಗರದ ಚುನಾವಣೆಯನ್ನೇ ಮೇ 28ಕ್ಕೆ ಮುಂದೂಡಬೇಕಾಯಿತು. ಮನೆಗೆ ಬಂದು ಕೇಳಿದವರಿಗೆಲ್ಲ ಆಧಾರ್, ವೋಟರ್ ಐಡಿ ಫೋಟೋ ತೆಗೆಯಲು ಬಿಡಬೇಡಿ ಅಂತ ನಾನು ಪದೇಪದೇ ಹೇಳುವುದು ಇದಕ್ಕೇ.

ಇಲ್ಲಿವರೆಗೆ ಒಬ್ಬೊಬ್ಬರ ಓಟು ಗುಟ್ಟು ಅಂತ ಹೇಳಿದೆ. ಈಗ ಅಷ್ಟಾಗಿ ಯಾರೂ ಮಾತಾಡದ ಒಂದು ವಿಷಯಕ್ಕೆ ಬರುತ್ತೇನೆ. ನಿಮ್ಮ ಓಟು ಗುಟ್ಟು, ಆದರೆ ನಿಮ್ಮ ಬೀದಿಯ ಓಟು ಗುಟ್ಟಲ್ಲ.

ಪ್ರತಿ ಬೂತಿಗೆ ಒಂದು ಯಂತ್ರ. ಎಣಿಕೆ ಆಗುವುದು ಯಂತ್ರವಾರು. ಎಣಿಕೆ ಮುಗಿದ ಮೇಲೆ ಫಾರಂ 20 ಅನ್ನುವ ಹಾಳೆಯಲ್ಲಿ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಅನ್ನುವುದು ಅಂಕಿ ಸಮೇತ ಪ್ರಕಟವಾಗುತ್ತದೆ, ಯಾರು ಬೇಕಾದರೂ ನೋಡಬಹುದು. ಒಂದು ಬೂತಿಗೆ ಸಾಮಾನ್ಯವಾಗಿ ಸಾವಿರ ಚಿಲ್ಲರೆ ಮತದಾರರು. ಮಲೆನಾಡಿನ, ಕಾಡಂಚಿನ ಸಣ್ಣ ಊರುಗಳಲ್ಲಿ ಇನ್ನೂ ಕಡಿಮೆ. ನಮ್ಮ ಊರುಗಳಲ್ಲಿ ಕೇರಿ, ಹಟ್ಟಿ, ತಾಂಡಾ ಎಲ್ಲ ಜಾತಿವಾರು ಬೇರೆ ಬೇರೆ ಇರುವುದರಿಂದ ಬೂತಿನ ಫಲಿತಾಂಶ ಅಂದರೆ ಹೆಚ್ಚುಕಡಿಮೆ ಒಂದು ಸಮುದಾಯದ ಫಲಿತಾಂಶ. ಆ ಬೂತಿಗೆ ಐದು ಲಕ್ಷ ಇಳಿಸಿ, ಬಂದದ್ದು 60 ಓಟು ಅಂದರೆ ಮುಖಂಡನನ್ನು ಕರೆಸಿ ಕೇಳುತ್ತಾರೆ. ಮುಖಂಡ ಬಂದು ಬೀದಿಯಲ್ಲಿ ಕೇಳುತ್ತಾನೆ. ಆಮೇಲೆ ಆ ಬೀದಿಗೆ ಸಿಸಿ ರಸ್ತೆ ಬರುವುದು ತಡವಾಗುತ್ತದೆ, ಬೋರ್‌ವೆಲ್ ಮೋಟಾರ್ ಸುಟ್ಟರೆ ರಿಪೇರಿ ಆಗುವುದಿಲ್ಲ. ಇದನ್ನು ಯಾರೂ ಬರೆದು ಕೊಡುವುದಿಲ್ಲ, ಆದರೆ ಮಾತಲ್ಲಿ ಹೇಳಿದವರು ಇದ್ದಾರೆ. 2019ರ ಲೋಕಸಭಾ ಪ್ರಚಾರದಲ್ಲಿ ಉತ್ತರ ಪ್ರದೇಶದಲ್ಲಿ ಒಬ್ಬ ಕೇಂದ್ರ ಸಚಿವೆ, ಓಟಿನ ಪ್ರಮಾಣ ನೋಡಿ ಊರುಗಳನ್ನು ಎ, ಬಿ, ಸಿ, ಡಿ ಅಂತ ವಿಂಗಡಿಸಿ ಆ ಕ್ರಮದಲ್ಲೇ ಕೆಲಸ ಮಾಡುತ್ತೇವೆ ಅಂತ ವೇದಿಕೆ ಮೇಲೇ ಹೇಳಿದರು. ಆಯೋಗ ಎಚ್ಚರಿಕೆ ಕೊಟ್ಟಿತು. ಆದರೆ ಆ ಮಾತು ಸಾಧ್ಯವಾದದ್ದೇ ಬೂತುವಾರು ಅಂಕಿಗಳು ಕೈಯಲ್ಲಿರುವುದರಿಂದ ಅಲ್ವಾ?

ಬ್ಯಾಲೆಟ್ ಪೇಪರ್ ಕಾಲದಲ್ಲಿ ಇದಕ್ಕೊಂದು ಪರಿಹಾರ ಇತ್ತು. ಮತದಾರರ ಮೇಲೆ ಬೆದರಿಕೆ ಬರಬಹುದು ಅನ್ನಿಸಿದ ಕಡೆ ಬೇರೆ ಬೇರೆ ಬೂತಿನ ಚೀಟಿಗಳನ್ನು ಬೆರೆಸಿ ಎಣಿಸಲು ಚುನಾವಣಾ ನಿಯಮಗಳಲ್ಲಿ ಅವಕಾಶ ಕೊಟ್ಟಿದ್ದರು. ಯಂತ್ರ ಬಂದ ಮೇಲೆ ಆ ಬೆರಕೆ ನಿಂತುಹೋಯಿತು. ಟೋಟಲೈಸರ್ ಅನ್ನುವ ಸಾಧನದಿಂದ 14 ಯಂತ್ರಗಳ ಓಟನ್ನು ಒಟ್ಟಿಗೆ ಕೂಡಿಸಿ ಹೇಳಬಹುದು, ಅದಕ್ಕೆ ನಿಯಮ ಬದಲಿಸಿ ಅಂತ ಆಯೋಗ 2008ರಲ್ಲೇ ಕೇಂದ್ರಕ್ಕೆ ಬರೆಯಿತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಇದನ್ನು ಮಾಡಿ ಅಂತ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ, 2018ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಬೇಡ ಅಂತಲೇ ಹೇಳಿತು. ಬೂತುವಾರು ಲೆಕ್ಕ ಬೇಕು ಅನ್ನುವವರ ವಾದದಲ್ಲಿ ಸತ್ಯಾಂಶ ಇಲ್ಲದಿಲ್ಲ. ಮತದಾನ ಮುಗಿದಾಗ ಏಜೆಂಟರಿಗೆ ಕೊಡುವ 17ಸಿ ಫಾರಂನ ಸಂಖ್ಯೆಗೂ ಎಣಿಕೆಯ ಸಂಖ್ಯೆಗೂ ತಾಳೆ ನೋಡಬೇಕಾದರೆ ಬೂತುವಾರು ಅಂಕಿ ಸುಲಭ. ಆದರೆ 14 ಬೂತಿನ 17ಸಿಗಳನ್ನು ಕೂಡಿಸಿ ಒಟ್ಟು ತಾಳೆ ನೋಡುವುದೇನೂ ಕಷ್ಟದ ಗಣಿತ ಅಲ್ಲ. ಒಂದು ತಾಂಡಾದ ಜನ ಫಲಿತಾಂಶದ ಮಾರನೇ ದಿನ ಭಯವಿಲ್ಲದೆ ಬದುಕುವುದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಇನ್ನು ದುಡ್ಡಿನ ಕಡೆ ಬರೋಣ. ವಿಧಾನಸಭಾ ಅಭ್ಯರ್ಥಿ ಕಾನೂನು ಪ್ರಕಾರ ಖರ್ಚು ಮಾಡಬಹುದಾದದ್ದು 40 ಲಕ್ಷ, ಲೋಕಸಭೆಗಾದರೆ 95 ಲಕ್ಷ. 2022ರಿಂದ ನಮ್ಮ ರಾಜ್ಯಕ್ಕೆ ಇರುವ ಮಿತಿ ಇದು. 2 ಲಕ್ಷ ಮತದಾರರಿರುವ ಕ್ಷೇತ್ರದಲ್ಲಿ 40 ಲಕ್ಷ ಅಂದರೆ ತಲೆಗೆ 20 ರೂಪಾಯಿ. ಅದರಲ್ಲಿ ಕರಪತ್ರ, ಗಾಡಿ, ಪೆಟ್ರೋಲ್, ಪೆಂಡಾಲ್, ಊಟ ಎಲ್ಲ ಆಗಬೇಕು. ಈಗ ಅದೇ ಕ್ಷೇತ್ರದಲ್ಲಿ ಅರ್ಧದಷ್ಟು ಜನಕ್ಕೆ ತಲೆಗೆ 1,000 ರೂಪಾಯಿಯ ಹಾಗೆ ಹಂಚಿದರೆ 10 ಕೋಟಿ. ಮಿತಿಯ 25 ಪಟ್ಟು. ಈ ದುಡ್ಡು ಇಲ್ಲದವನು ಟಿಕೆಟ್ ಕೇಳಲು ಹೋದರೆ ಪಕ್ಷದವರು ಮೊದಲು ಕೇಳುವ ಪ್ರಶ್ನೆಯೇ "ಎಷ್ಟು ಹಾಕ್ತೀಯಾ". ಶಾಲೆ ಮೇಷ್ಟ್ರಾಗಿ ಊರಲ್ಲಿ ಹೆಸರು ಮಾಡಿದವರು, ರೈತ ಸಂಘದಲ್ಲಿ ಇಪ್ಪತ್ತು ವರ್ಷ ಓಡಾಡಿದವರು, ಪಂಚಾಯಿತಿಯಲ್ಲಿ ಒಳ್ಳೆ ಕೆಲಸ ಮಾಡಿದ ಹೆಣ್ಣುಮಕ್ಕಳು ಅಲ್ಲಿಗೇ ವಾಪಸ್. ಕವರ್ ನಿಮ್ಮ ಓಟನ್ನು ಖರೀದಿ ಮಾಡದೇ ಇರಬಹುದು. ಆದರೆ ಯಂತ್ರದ ಮೇಲೆ ಯಾರ ಹೆಸರು ಇರಬೇಕು ಅನ್ನುವುದನ್ನು ಅದು ನೀವು ಬೂತಿಗೆ ಹೋಗುವ ಎಷ್ಟೋ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ನನ್ನ ಮಟ್ಟಿಗೆ ಇದೇ ಅತಿ ದೊಡ್ಡ ನಷ್ಟ, ಇದರ ಬಗ್ಗೆಯೇ ಮಾತು ಕಡಿಮೆ.

ಹಾಕಿದ್ದು ವಾಪಸ್ ಬರಲೇಬೇಕಲ್ಲ. ಕಾಮಗಾರಿ, ಟೆಂಡರ್, ವರ್ಗಾವಣೆ, ಭೂಮಿ ವ್ಯವಹಾರ, ಅಲ್ಲಿಂದಲೇ ಬರಬೇಕು. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ ಪ್ರಧಾನಿಗೇ ಪತ್ರ ಬರೆದು 40 ಪರ್ಸೆಂಟ್ ಕಮಿಷನ್ ಕೇಳುತ್ತಾರೆ ಅಂತ ಆರೋಪ ಮಾಡಿದ್ದು ನೆನಪಿರಬಹುದು. ಆರೋಪದ ಸತ್ಯಾಸತ್ಯ ಏನೇ ಇರಲಿ, ಯಾವ ಪಕ್ಷದ ಸರ್ಕಾರವೇ ಇರಲಿ, 10 ಕೋಟಿ ಹಾಕಿ ಬಂದವರು ಸಂಬಳದಲ್ಲಿ ಅದನ್ನು ತೀರಿಸುವುದಿಲ್ಲ.

ಹಾಗಾದರೆ ಕಾನೂನು ಇಲ್ವಾ? ಇದೆ, ಬೇಕಾದಷ್ಟಿದೆ. ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಲಂಚ ಕೊಡುವುದು ಭ್ರಷ್ಟ ಆಚರಣೆ, ಸಾಬೀತಾದರೆ ಆಯ್ಕೆಯೇ ರದ್ದು. ಹಳೆಯ ಐಪಿಸಿಯ 171ಬಿ, 171ಇ ಪ್ರಕಾರ, ಈಗಿನ ಭಾರತೀಯ ನ್ಯಾಯ ಸಂಹಿತೆಯ 170 ಮತ್ತು 173ರ ಪ್ರಕಾರ ಅದು ಅಪರಾಧ, ಒಂದು ವರ್ಷದವರೆಗೆ ಜೈಲು. ಆದರೆ ಹಳೇ ಕಾನೂನಿನಿಂದಲೂ ಇದನ್ನು ಅಸಂಜ್ಞೇಯ ಅಪರಾಧ ಅಂತ ಇಟ್ಟಿದ್ದಾರೆ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಕತ್ತಲ ರಾತ್ರಿಯ ಗಡಿಬಿಡಿಯಲ್ಲಿ ಅನುಮತಿ ಪಡೆಯದೆ ಎಫ್‌ಐಆರ್ ಹಾಕಿದರೆ ಆ ಕೇಸು ಆಮೇಲೆ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಇನ್ನೊಂದು ತೊಡಕು, ಇದೇ ಕಾನೂನು ಪ್ರಕಾರ ಕೊಟ್ಟವರಷ್ಟೇ ತಗೊಂಡವರೂ ಅಪರಾಧಿಗಳು. ಹಾಗಾಗಿ ಸಾಕ್ಷಿ ಹೇಳಬೇಕಾದವರೇ ಬಾಯಿ ಬಿಡುವುದಿಲ್ಲ.

ಆಯ್ಕೆ ರದ್ದು ಮಾಡಿಸಲು ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಡೆಯುವುದು ಹೇಗೆ ಅಂತ ತುಮಕೂರು ಗ್ರಾಮಾಂತರ ಕ್ಷೇತ್ರದ ಕಥೆ ನೋಡಿ. 2018ರ ಚುನಾವಣೆಗೆ ಮುಂಚೆ ಮತದಾರರ ಮಕ್ಕಳ ಹೆಸರಿನಲ್ಲಿ ನಕಲಿ ವಿಮಾ ಬಾಂಡ್‌ಗಳನ್ನು ಹಂಚಿದ್ದರು ಅನ್ನುವುದು ದೂರು. ಹೈಕೋರ್ಟ್ ಆ ಶಾಸಕರ ಆಯ್ಕೆಯನ್ನು ಅಸಿಂಧು ಅಂತ ತೀರ್ಪು ಕೊಟ್ಟದ್ದು 2023ರ ಮಾರ್ಚ್ 30ರಂದು. ಮುಂದಿನ ಚುನಾವಣೆಯ ದಿನಾಂಕ ಘೋಷಣೆಯಾಗಿದ್ದು ಮಾರ್ಚ್ 29ಕ್ಕೆ! ಐದು ವರ್ಷದ ಅವಧಿ ಪೂರ್ತಿ ಮುಗಿಯಿತು. ಮೇಲ್ಮನವಿಯಲ್ಲಿ ತಡೆ ಸಿಕ್ಕಿ ಅವರು ಮತ್ತೆ ಸ್ಪರ್ಧಿಸಿದರು, ಮತದಾರರು ಸೋಲಿಸಿದರು. ದೂರು ಕೊಟ್ಟವರ ಪಾಲಿಗೆ ಕೋರ್ಟಿಗಿಂತ ಓಟೇ ಬೇಗ ತೀರ್ಪು ಕೊಟ್ಟ ಹಾಗಾಯಿತು.

ಚುನಾವಣೆಗೆ ಮೊದಲೇ ಹಿಡಿದರೆ? ಬೂತ್ ವಶಪಡಿಸಿಕೊಂಡರೆ ಚುನಾವಣೆ ರದ್ದು ಮಾಡಲು ಕಾಯ್ದೆಯಲ್ಲಿ 58ಎ ಅನ್ನುವ ಸ್ಪಷ್ಟ ಸೆಕ್ಷನ್ ಇದೆ. ಹಣ ಹಂಚಿದರೆ ರದ್ದು ಮಾಡಲು ಅಂಥದ್ದಿಲ್ಲ. 2016ರಲ್ಲಿ ತಮಿಳುನಾಡಿನ ಅರವಕುರಿಚಿ, ತಂಜಾವೂರು ಚುನಾವಣೆಗಳನ್ನು ಹಣದ ಕಾರಣಕ್ಕೆ ನಿಲ್ಲಿಸಬೇಕಾಗಿ ಬಂದ ಮೇಲೆ ಆಯೋಗ 58ಬಿ ಸೇರಿಸಿ ಅಂತ ಕೇಳಿತು, ಕೇಂದ್ರ ಸೇರಿಸಲಿಲ್ಲ. ಸಂವಿಧಾನದ 324ನೇ ವಿಧಿಯ ಸಾಮಾನ್ಯ ಅಧಿಕಾರ ಬಳಸಿಯೇ ಪ್ರತಿ ಸಲ ದಾರಿ ಹುಡುಕಬೇಕು. 2019ರಲ್ಲಿ ವೆಲ್ಲೂರು ಲೋಕಸಭಾ ಕ್ಷೇತ್ರದ ಮತದಾನಕ್ಕೆ ಎರಡು ದಿನ ಇರುವಾಗ, ಅಭ್ಯರ್ಥಿಯೊಬ್ಬರ ಕಡೆಯವರ ಹತ್ತಿರ ಸುಮಾರು 11 ಕೋಟಿ ನಗದು ಸಿಕ್ಕಿದ್ದಕ್ಕೆ ಚುನಾವಣೆ ರದ್ದಾಯಿತು. ಹಣದ ಕಾರಣಕ್ಕೆ ಲೋಕಸಭಾ ಚುನಾವಣೆ ರದ್ದಾದದ್ದು ಅದೇ ಮೊದಲು. ಆಗಸ್ಟ್‌ನಲ್ಲಿ ಮತ್ತೆ ಚುನಾವಣೆ ಆದಾಗ ಅದೇ ಅಭ್ಯರ್ಥಿ ನಿಂತರು, ಅವರೇ ಗೆದ್ದರು. ಯಾವ ಕೋರ್ಟೂ ಶಿಕ್ಷೆ ಕೊಡದ ಮೇಲೆ ನಿಲ್ಲುವುದನ್ನು ತಡೆಯುವ ದಾರಿಯೇ ಇರಲಿಲ್ಲ.

ಖರ್ಚಿನ ಮಿತಿಯಲ್ಲೂ ಇಂಥದ್ದೇ ಒಂದು ತೂತು. 1974ರಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗಾಗಿ ಪಕ್ಷ ಮಾಡುವ ಖರ್ಚನ್ನೂ ಅವನ ಲೆಕ್ಕಕ್ಕೇ ಸೇರಿಸಬೇಕು ಅಂತ ತೀರ್ಪು ಕೊಟ್ಟಿತ್ತು. ಸ್ವಲ್ಪ ದಿನದಲ್ಲೇ ಕಾಯ್ದೆ ತಿದ್ದಿ ಪಕ್ಷದ ಖರ್ಚನ್ನು ಹೊರಗಿಟ್ಟರು. ಪಕ್ಷಗಳು ಎಷ್ಟು ಖರ್ಚು ಮಾಡಬಹುದು ಅನ್ನುವುದಕ್ಕೆ ಇವತ್ತಿಗೂ ಮಿತಿಯೇ ಇಲ್ಲ.

ಈ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ: ಗ್ಯಾರಂಟಿಗಳೂ ಓಟು ಖರೀದಿ ತಾನೇ? ಅಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬೇಕೋ ಬೇಡವೋ ಅಂತ ಎಷ್ಟು ಬೇಕಾದರೂ ಜಗಳ ಆಡಿ, ಖಜಾನೆಗೆ ಹೊರೆ ಅನ್ನಿ, ಅದು ನ್ಯಾಯವಾದ ಜಗಳ. ಆದರೆ ಅದು ಪ್ರಣಾಳಿಕೆಯಲ್ಲಿ ಎಲ್ಲರ ಮುಂದೆ ಹೇಳಿದ ಮಾತು, ಬಜೆಟ್‌ನಲ್ಲಿ ಚರ್ಚೆಯಾಗುವ ಹಣ, ಎದುರು ಪಕ್ಷಕ್ಕೆ ಹಾಕಿದವರ ಮನೆಗೂ ಬರುತ್ತದೆ. 2013ರಲ್ಲಿ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರಣಾಳಿಕೆಯ ಭರವಸೆ 123ನೇ ಸೆಕ್ಷನ್ ಅಡಿ ಬರುವುದಿಲ್ಲ ಅಂತಲೇ ಹೇಳಿತು. ಕತ್ತಲಲ್ಲಿ ಬರುವ ಕವರಿಗೆ ಬಜೆಟ್ ಇಲ್ಲ, ಚರ್ಚೆ ಇಲ್ಲ, ಲೆಕ್ಕ ಕೇಳುವ ಹಕ್ಕೂ ಇಲ್ಲ.

ಇನ್ನೊಂದು ಮಾತು ತುಂಬಾ ಜನಪ್ರಿಯ. "ಎಲ್ಲರ ಹತ್ತಿರನೂ ದುಡ್ಡು ತಗೊಳ್ಳಿ, ಓಟು ಮಾತ್ರ ಮನಸ್ಸಿಗೆ ಬಂದವರಿಗೆ ಹಾಕಿ." 2017ರಲ್ಲಿ ಗೋವಾ ಪ್ರಚಾರದಲ್ಲಿ ಅರವಿಂದ ಕೇಜ್ರಿವಾಲ್ ಇಂಥದ್ದೇ ಮಾತು ಹೇಳಿ ಆಯೋಗದಿಂದ ಛೀಮಾರಿ ಹಾಕಿಸಿಕೊಂಡರು. ಕೇಳಲು ಜಾಣತನದ ಮಾತು. ಬಡವರ ದುಡ್ಡು ಬಡವರಿಗೆ ವಾಪಸ್ ಬಂತು ಅನ್ನುವ ಸಮಾಧಾನವೂ ಇದೆ. ಆದರೆ ಎರಡು ಕಾರಣಕ್ಕೆ ನಾನು ಒಪ್ಪಲ್ಲ. ನಾವು ತಗೊಂಡಷ್ಟೂ ಮುಂದಿನ ಚುನಾವಣೆಯ ರೇಟು ಏರುತ್ತದೆ, ಆ 10 ಕೋಟಿ 20 ಆಗುತ್ತದೆ, ದುಡ್ಡಿಲ್ಲದವರು ಇನ್ನೂ ದೂರ ಹೋಗುತ್ತಾರೆ. ಎರಡನೆಯದು, ಆ ಜಾಣತನ ನಾವಂದುಕೊಂಡಷ್ಟು ಕೆಲಸ ಮಾಡುವುದಿಲ್ಲ. ಫಿಲಿಪ್ಪೀನ್ಸ್‌ನ ಸೊರ್ಸೊಗಾನ್ ನಗರದಲ್ಲಿ 2013ರ ಚುನಾವಣೆ ಹೊತ್ತಿಗೆ ಸಂಶೋಧಕರು ಕೆಲವರಿಂದ "ದುಡ್ಡು ತಗೊಳ್ಳಲ್ಲ" ಅಂತ, ಇನ್ನು ಕೆಲವರಿಂದ "ತಗೊಂಡರೂ ಮನಸ್ಸಾಕ್ಷಿಯಂತೆ ಹಾಕ್ತೀನಿ" ಅಂತ ಮಾತು ತೆಗೆದುಕೊಂಡರು. ಮೊದಲನೇ ಗುಂಪಿನಲ್ಲಿ, ಸಣ್ಣ ಮೊತ್ತ ಹಂಚುವ ಸ್ಥಳೀಯ ಹುದ್ದೆಗಳ ಚುನಾವಣೆಯಲ್ಲಿ, ಓಟು ಮಾರಿಕೊಳ್ಳುವುದು ಗಣನೀಯವಾಗಿ ಇಳಿಯಿತು. ಎರಡನೇ ಗುಂಪಿನ ಮಾತು ಅಷ್ಟು ನಿಲ್ಲಲಿಲ್ಲ. ಕೈ ನೀಡಿ ತಗೊಂಡ ಮೇಲೆ ಋಣ ಅನ್ನುವುದು ಕಾಡುತ್ತದೆ. ದೇವರ ಮೇಲೆ ಆಣೆ ಹಾಕಿಸುವವರಿಗೆ ಇದು ಎಲ್ಲ ಸಂಶೋಧಕರಿಗಿಂತ ಮೊದಲೇ ಗೊತ್ತಿತ್ತು.

ನನಗೂ ಇರುಸುಮುರುಸು ತಂದ ಒಂದು ಫಲಿತಾಂಶವನ್ನು ಮುಚ್ಚಿಡುವುದಿಲ್ಲ. ಆಫ್ರಿಕಾದ ಸಾವೊ ತೊಮೆ ಅನ್ನುವ ಸಣ್ಣ ದ್ವೀಪ ದೇಶದಲ್ಲಿ 2006ರ ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಓಟು ಮಾರಬೇಡಿ ಅಂತ ಮನೆ ಮನೆಗೆ ಕರಪತ್ರ ಹಂಚಿ, ಫಲವನ್ನು ಅಳೆದು ನೋಡಿದರು. ಹಣದ ಪ್ರಭಾವ ಇಳಿಯಿತು, ಜೊತೆಗೆ ಮತದಾನದ ಪ್ರಮಾಣವೂ ಇಳಿಯಿತು, ಲಾಭ ಆದದ್ದು ಅಧಿಕಾರದಲ್ಲಿದ್ದವರಿಗೆ. ಯಾಕೆಂದರೆ ಕುರ್ಚಿಯಲ್ಲಿ ಕೂತವರಿಗೆ ಜನರನ್ನು ಕಟ್ಟಿಹಾಕಲು ಬೇರೆ ದಾರಿಗಳಿವೆ, ಕೆಲಸ ಕೊಡಿಸುವುದು, ಫೈಲ್ ಮುಂದೆ ತಳ್ಳುವುದು, ಸೌಲಭ್ಯ ಕೊಡಿಸುವುದು. ಹೊರಗಿದ್ದವರಿಗೆ ಉಳಿಯುವುದು ದುಡ್ಡೊಂದೇ. ಅಂದರೆ ಕವರ್ ಒಂದನ್ನೇ ನಿಲ್ಲಿಸಿದರೆ ಸಾಲದು.

ಅದಕ್ಕೇ ನಾನು ಮತ್ತೆ ಆ ಬೀದಿಯವನ ಬಗ್ಗೆ ಯೋಚಿಸುತ್ತೇನೆ. ಅವನಿಗೆ ಬಲ ಬಂದದ್ದು ಕತ್ತಲ ರಾತ್ರಿಯ ದುಡ್ಡಿನಿಂದ ಅಲ್ಲ. ವಿಧವಾ ವೇತನದ ಅರ್ಜಿ ನಾಡಕಚೇರಿಯಲ್ಲಿ ಮುಂದೆ ಹೋಗಬೇಕಾದರೆ ಅವನು ಬೇಕು, ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸಲು ಅವನು ಬೇಕು, ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಹೋಗಲು ಗಾಡಿ ಬೇಕೆಂದರೆ ಅವನೇ ಬೇಕು. ಐದು ವರ್ಷ ಹೀಗೆ ಬೇಕಾದವನು ಕೊನೆಯ ರಾತ್ರಿ ಕವರ್ ತಂದರೆ ಬೇಡ ಅನ್ನುವುದು ಎಷ್ಟು ಜನಕ್ಕೆ ಸಾಧ್ಯ? ಹೀಗೆ ಅವಲಂಬನೆ ಹೆಚ್ಚಲು ಸರ್ಕಾರಗಳ ಕೊಡುಗೆಯೂ ದೊಡ್ಡದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಬಿಬಿಎಂಪಿಯದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಯಾವ ಪಕ್ಷದ ಸರ್ಕಾರವೂ ಹೊತ್ತಿಗೆ ಸರಿಯಾಗಿ ಚುನಾವಣೆ ಮಾಡಲಿಲ್ಲ, ಮೀಸಲಾತಿ, ಗಡಿ ವಿಂಗಡಣೆ ಅಂತ ವರ್ಷಗಳನ್ನೇ ತಳ್ಳಿದರು. ಚರಂಡಿಗೆ, ಬೀದಿ ದೀಪಕ್ಕೆ ಕೇಳಲು ಒಬ್ಬ ಚುನಾಯಿತ ಸದಸ್ಯ ಇಲ್ಲದಿದ್ದರೆ ಜನ ಹೋಗುವುದು ಶಾಸಕರ ಹಿಂಬಾಲಕರ ಮನೆಗೇ.

ಮುಂದಿನ ಚುನಾವಣೆ ಹೊತ್ತಿಗೆ ನಿಮ್ಮ ಕೈಯಲ್ಲಿ ಆಗುವ ಕೆಲಸ ಇಷ್ಟಿದೆ. ಚುನಾವಣಾ ಆಯೋಗದ ಸಿವಿಜಿಲ್ ಆ್ಯಪ್‌ನಲ್ಲಿ ಹಂಚಿಕೆಯ ಫೋಟೋ ಅಥವಾ ಎರಡು ನಿಮಿಷದ ವಿಡಿಯೋ ಸ್ಥಳದಿಂದಲೇ ಕಳಿಸಬಹುದು, ಹೆಸರು ಹೇಳದೆಯೂ ಕಳಿಸಬಹುದು, 100 ನಿಮಿಷದಲ್ಲಿ ಕ್ರಮ ಆಗಬೇಕು ಅನ್ನುವುದು ನಿಯಮ. ಸಹಾಯವಾಣಿ ಸಂಖ್ಯೆ 1950. ನೀತಿ ಸಂಹಿತೆ ಇರುವಾಗ 50 ಸಾವಿರಕ್ಕಿಂತ ಜಾಸ್ತಿ ನಗದು ಒಯ್ಯುತ್ತಿದ್ದರೆ ಬ್ಯಾಂಕ್ ಚೀಟಿಯೋ ಮಂಡಿ ಬಿಲ್ಲೋ ಜೊತೆಗಿರಲಿ. ರೇಷ್ಮೆ ಮಾರಿ ಬಂದ ರೈತನ ದುಡ್ಡು ಹಿಡಿದು ನಿಲ್ಲಿಸಿದರೆ ಜಿಲ್ಲಾ ಮಟ್ಟದ ಸಮಿತಿಗೆ ದಾಖಲೆ ಕೊಟ್ಟು ಬಿಡಿಸಿಕೊಳ್ಳಬಹುದು. ಮನೆಗೆ ಓಟು ಕೇಳಲು ಬಂದವರಿಗೆ, ಅವರು ಯಾವ ಪಕ್ಷದವರೇ ಆಗಿರಲಿ, ಎರಡು ಪ್ರಶ್ನೆ ಹಾಕಿ: ಬೂತುಗಳ ಓಟನ್ನು ಬೆರೆಸಿ ಎಣಿಸುವುದಕ್ಕೆ ನಿಮ್ಮ ಪಕ್ಷ ಒಪ್ಪುತ್ತದಾ, ನಮ್ಮ ಜಿಲ್ಲಾ ಪಂಚಾಯಿತಿ ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಸ್ತೀರಾ? ಏನು ಉತ್ತರ ಕೊಟ್ಟರು ಅಂತ ಊರಿನ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಿ.